ಪೈಥಾನ್ ಭಾಷೆಯ ಅಸಿಂಕ್‌ಐಓ ಲೈಬ್ರರಿಯ ನೆರವಿನಿಂದ ಚಾಟ್ ಕ್ಲೈಂಟ್ ತಯಾರಿಕೆ – ಒಂದು ಪರಿಚಯ

ಪೀಠಿಕೆ

ಗಣಕಯಂತ್ರಗಳ ಮುಂದೆ ಕುಳಿತವರು ಬರಹದ ಮೂಲಕ ಪರಸ್ಪರ ಮಾತುಕತೆ ನಡೆಸಲು ಅನುವು ಮಾಡಿಕೊಡುವ ತಂತ್ರಾಂಶವನ್ನು ಚಾಟ್ ತಂತ್ರಾಂಶವೆಂದು ಕರೆಯಲಾಗುತ್ತದೆ. ಇದರಲ್ಲಿ ಎರಡು ಭಾಗಗಳಿರುತ್ತವೆ. ಎಲ್ಲರ ಸಂದೇಶಗಳನ್ನು ಸ್ವೀಕರಿಸಿ ಸಂಬಂಧಪಟ್ಟವರಿಗೆ ಹಂಚುವ ಭಾಗವು ಸರ್ವರ್. ಬಳಕೆದಾರರ ಮುಂದೆ ತೆರೆದುಕೊಳ್ಳುವ ಭಾಗವು ಕ್ಲೈಂಟ್. ಮೊಬೈಲ್ ದೂರವಾಣಿಯಲ್ಲಿ ಇಂತಹ ತಂತ್ರಾಂಶಗಳನ್ನು ದಿನನಿತ್ಯ ಬಳಸುವವರಿಗೂ ಅವುಗಳ ಒಳಗೆ ಏನು ನಡೆಯುತ್ತದೆ ಎಂಬುದರ ಪರಿಚಯ ಸಾಮಾನ್ಯವಾಗಿ ಇರುವುದಿಲ್ಲ. ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳು, ಕಛೇರಿಗಳ ಗಣಕ ಶಾಖೆಗಳ ಸಿಬ್ಬಂದಿ ಹಾಗೂ ಆಸಕ್ತ ಸಾರ್ವಜನಿಕರ ಮಾಹಿತಿಗಾಗಿ, ಒಂದು ಸರಳ ಕ್ಲೈಂಟ್‌ಅನ್ನು ಸ್ವತಃ ತಯಾರಿಸಿಕೊಳ್ಳುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಆಜ್ಞೆಗಳ ಹೆಸರುಗಳನ್ನು ಉಚ್ಚಾರಣೆಗೆ ಅನುಸಾರವಾಗಿ ಕನ್ನಡ ಲಿಪಿಯಲ್ಲಿಯೇ ನೀಡಲಾಗಿದೆ. ಗಣಕಯಂತ್ರದಲ್ಲಿ ಬರೆಯುವಾಗ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸತಕ್ಕದ್ದು.

ಉದಾಹರಣೆಗೆ ಆಯ್ದುಕೊಂಡಿರುವ ವ್ಯವಸ್ಥೆ

ವಿವರಣೆಗಾಗಿ ಇಂಟರ್‌ನೆಟ್ ರಿಲೇ ಚಾಟ್, ಅರ್ಥಾತ್ ಐಆರ್‌ಸಿ ಎಂಬ ವ್ಯವಸ್ಥೆಯನ್ನು ಆಯ್ದುಕೊಳ್ಳಲಾಗಿದೆ. ಫಿನ್ಲೆಂಡ್ ದೇಶದ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬುವರು 1988ರ ಆಗಸ್ಟ್ ತಿಂಗಳಿನಲ್ಲಿ ಇದನ್ನು ರೂಪಿಸಿದರು. ಇದರ ನಿಯಮಾವಳಿಯು 1993ರ ಮೇ ತಿಂಗಳಿನಲ್ಲಿ ಆರ್‌ಎಫ್‌ಸಿ 1459 ಎಂಬ ದಾಖಲೆಯಾಗಿ ಪ್ರಕಟವಾಯಿತು. ವಾಟ್ಸ್ಆ್ಯಪ್‌ನಂತಹ ವ್ಯವಸ್ಥೆಗಳು ಬಂದ ಮೇಲೆ ಐಆರ್‌ಸಿ ಬಳಸುವವರ ಸಂಖ್ಯೆ ಇಳಿಮುಖವಾಗಿದ್ದರೂ, ಮುಕ್ತ ತಂತ್ರಾಂಶ ಅಭಿವೃದ್ಧಿಪಡಿಸುವವರು ಇಂದಿಗೂ ಅದರಲ್ಲಿ ಸೇರುತ್ತಾರೆ. 2021ರಲ್ಲಿ ಆರಂಭವಾದ ಲಿಬೆರಾ ಚಾಟ್ ಎಂಬ ಜಾಲವು ಇದಕ್ಕೆ ನಿದರ್ಶನವಾಗಿದೆ. ಕಲಿಯುವವರ ದೃಷ್ಟಿಯಿಂದ ಇದಕ್ಕೆ ಒಂದು ವಿಶೇಷ ಅನುಕೂಲವಿದೆ. ಇಲ್ಲಿ ಹೋಗಿಬರುವ ಪ್ರತಿಯೊಂದು ಸಂದೇಶವೂ ಕಣ್ಣಿಗೆ ಕಾಣುವ, ಓದಬಹುದಾದ ಒಂದು ಸಾಲಿನ ಬರಹವಾಗಿರುತ್ತದೆ. ಮುಚ್ಚಿದ ಲಕೋಟೆಗಿಂತ ಅಂಚೆ ಕಾರ್ಡಿನಿಂದ ಕಲಿಯುವುದು ಸುಲಭ.

ಅಭ್ಯಾಸಕ್ಕಾಗಿ ಸಾರ್ವಜನಿಕ ಜಾಲಗಳನ್ನು ಅವಲಂಬಿಸಬೇಕಾಗಿಲ್ಲ. ಎನ್‌ಜಿಐಆರ್‌ಸಿಡಿ ಎಂಬ ಚಿಕ್ಕ, ಉಚಿತ ಸರ್ವರ್ ತಂತ್ರಾಂಶವನ್ನು ತಮ್ಮದೇ ಗಣಕಯಂತ್ರದಲ್ಲಿ ಅಳವಡಿಸಿಕೊಂಡು, ಅದರೊಂದಿಗೆ ಕ್ಲೈಂಟ್‌ಅನ್ನು ಪರೀಕ್ಷಿಸಬಹುದು. ಕಛೇರಿಗೆ ಸಂಬಂಧಿಸಿದ ವಿಷಯಗಳನ್ನು ಸಾರ್ವಜನಿಕ ಜಾಲಗಳಲ್ಲಿ ರವಾನಿಸತಕ್ಕದ್ದಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಸಾಮಾನ್ಯ ಪ್ರೋಗ್ರಾಂ ಏಕೆ ಸಾಲದು?

ಹೊಸದಾಗಿ ಕಲಿತವರು ಬರೆಯುವ ಪ್ರೋಗ್ರಾಂ ಸಾಮಾನ್ಯವಾಗಿ ಹೀಗಿರುತ್ತದೆ: ಕೀಲಿಮಣೆಯಿಂದ ಒಂದು ಸಾಲನ್ನು ಓದು, ಅದನ್ನು ಸರ್ವರ್‌ಗೆ ಕಳುಹಿಸು, ಸರ್ವರ್‌ನಿಂದ ಬಂದುದನ್ನು ಪರದೆಯ ಮೇಲೆ ತೋರಿಸು, ಪುನಃ ಮೊದಲಿನಿಂದ ಆರಂಭಿಸು. ಇದು ತರ್ಕಬದ್ಧವಾಗಿಯೇ ಕಾಣುತ್ತದೆ. ಆದರೆ 'ಕೀಲಿಮಣೆಯಿಂದ ಓದು' ಎಂಬ ಆಜ್ಞೆಯು, ಬಳಕೆದಾರರು ಎಂಟರ್ ಒತ್ತುವವರೆಗೂ ಇಡೀ ಪ್ರೋಗ್ರಾಂಅನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತದೆ. ಆ ಅವಧಿಯಲ್ಲಿ ಸರ್ವರ್ ಏನೇ ಹೇಳಿದರೂ ಕೇಳುವವರಿಲ್ಲ.

ಇದರ ಪರಿಣಾಮವನ್ನು ಈ ಲೇಖಕನು ಅನುಭವದಿಂದ ಅರಿತಿದ್ದಾನೆ. ಹಿಂದೊಮ್ಮೆ ಒಂದು ಕಛೇರಿಯ ಒಳಜಾಲದಲ್ಲಿ ಬಳಸಲೆಂದು ಇಂತಹದೇ ಒಂದು ಕ್ಲೈಂಟ್‌ಅನ್ನು ಲೇಖಕನೇ ಸಿದ್ಧಪಡಿಸಿಕೊಟ್ಟಿದ್ದನು. ಮಾರ್ಚ್ 31ರಂದು, ಬೆಳಿಗ್ಗೆಯಿಂದ ತೆರೆದಿಟ್ಟಿದ್ದ ಆ ಕಿಟಕಿಯಲ್ಲಿ ಅಧೀಕ್ಷಕರೊಬ್ಬರು ಮಧ್ಯಾಹ್ನ ಒಂದು ಸಂದೇಶವನ್ನು ಬೆರಳಚ್ಚಿಸಿದರು: ವಿದ್ಯಾರ್ಥಿನಿಲಯದ ಹೊದಿಕೆ ಖರೀದಿಯ ಬಿಲ್ಲಿನ ಮೇಲಿನ ಆಕ್ಷೇಪಣೆ ತೀರ್ಮಾನವಾಗಿದೆ, ಸಂಜೆಯೊಳಗೆ ಖಜಾನೆಗೆ ಪುನಃ ಸಲ್ಲಿಸುವುದು. ಪರದೆಯ ಮೇಲೆ 'ಸಂದೇಶ ರವಾನೆಯಾಗಿದೆ' ಎಂದು ಮೂಡಿತು. ಅವರು ಕಿಟಕಿಯನ್ನು ಮುಚ್ಚಿ ಸಭೆಗೆ ತೆರಳಿದರು. ಸಂದೇಶವು ಯಾರಿಗೂ ತಲುಪಲಿಲ್ಲ. ಬಿಲ್ಲು ಮೇಜಿನ ಮೇಲೆಯೇ ಉಳಿಯಿತು, ಆ ವರ್ಷದ ಅನುದಾನ ವ್ಯಪಗತವಾಯಿತು. ಹೊದಿಕೆ ಸರಬರಾಜು ಮಾಡಿದ್ದವರಿಗೆ ಮುಂದಿನ ವರ್ಷದ ಅನುದಾನ ಬಿಡುಗಡೆಯಾಗುವವರೆಗೆ ಕಾಯಬೇಕಾಯಿತು. ಅವರು ಕೆಲವು ತಿಂಗಳುಗಳ ಕಾಲ ಕಛೇರಿಗೆ ಅಲೆದದ್ದನ್ನು ಲೇಖಕನು ನೋಡಿದ್ದಾನೆ.

ನಡೆದದ್ದು ಇಷ್ಟು. ಐಆರ್‌ಸಿ ಸರ್ವರ್ ತನ್ನೊಂದಿಗೆ ಸಂಪರ್ಕದಲ್ಲಿರುವವರು ಇನ್ನೂ ಇದ್ದಾರೆಯೇ ಎಂದು ತಿಳಿಯಲು ಆಗಾಗ್ಗೆ 'ಪಿಂಗ್' ಎಂಬ ಸಾಲನ್ನು ಕಳುಹಿಸುತ್ತದೆ. ಕ್ಲೈಂಟ್ ಅದಕ್ಕೆ 'ಪಾಂಗ್' ಎಂದು ಉತ್ತರಿಸಬೇಕು. ಹಾಜರಿ ಕೂಗಿದಾಗ ಓಗೊಡದವರನ್ನು ಗೈರುಹಾಜರೆಂದು ಪರಿಗಣಿಸುವಂತೆ, ಉತ್ತರ ಬಾರದಿದ್ದರೆ ಸರ್ವರ್ ಸಂಪರ್ಕವನ್ನು ಕಡಿದುಹಾಕುತ್ತದೆ. ನಮ್ಮ ಪ್ರೋಗ್ರಾಂ ಕೀಲಿಮಣೆಯ ಮುಂದೆ ಕಾಯುತ್ತ ಕುಳಿತಿದ್ದರಿಂದ ಪಿಂಗ್ ಬಂದದ್ದೂ ಸಂಪರ್ಕ ಕಡಿದದ್ದೂ ಅದಕ್ಕೆ ತಿಳಿಯಲಿಲ್ಲ. ಹಾಗಾದರೆ ಸತ್ತ ಸಂಪರ್ಕದ ಮೇಲೆ ಕಳುಹಿಸಿದ ಸಂದೇಶಕ್ಕೆ ದೋಷ ಸೂಚನೆಯಾದರೂ ಬರಬೇಡವೇ ಎಂಬ ಪ್ರಶ್ನೆ ಸಹಜ. ಬರುವುದಿಲ್ಲ. ಎದುರಿನವರು ಸಂಪರ್ಕವನ್ನು ಮುಚ್ಚಿದ ನಂತರವೂ, ನಾವು ಮಾಡುವ ಮೊದಲನೆಯ ಬರವಣಿಗೆಯನ್ನು ನಮ್ಮ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯು ಸಾಮಾನ್ಯವಾಗಿ ಸ್ವೀಕರಿಸಿಬಿಡುತ್ತದೆ. ಆ ಕಡೆಯಿಂದ ನಿರಾಕರಣೆ ಬಂದ ಮೇಲಿನ ಮುಂದಿನ ಬರವಣಿಗೆಯಲ್ಲಿ ಮಾತ್ರ ದೋಷ ಗೋಚರಿಸುತ್ತದೆ. ಅಧೀಕ್ಷಕರು ಬರೆದದ್ದು ಒಂದೇ ಸಂದೇಶ.

ಆದುದರಿಂದ ಇಲ್ಲಿ ಎರಡು ಬೇರೆ ಬೇರೆ ದೋಷಗಳಿವೆ ಎಂಬುದನ್ನು ಗಮನಿಸತಕ್ಕದ್ದು. ಪ್ರೋಗ್ರಾಂ ಒಂದು ಕಡೆ ಕಾಯುತ್ತ ಮತ್ತೊಂದು ಕಡೆಗೆ ಕಿವುಡಾದದ್ದು ಮೊದಲನೆಯದು. ರವಾನೆ ವಹಿಯಲ್ಲಿ ನಮೂದಾದುದನ್ನೇ ತಲುಪಿತೆಂದು ತಿಳಿದದ್ದು ಎರಡನೆಯದು. ಅಸಮಕಾಲಿಕ ಲೈಬ್ರರಿಯು ಮೊದಲನೆಯ ದೋಷವನ್ನು ನಿವಾರಿಸುತ್ತದೆ. ಎರಡನೆಯದನ್ನು ಪ್ರೋಗ್ರಾಂ ಬರೆಯುವವರೇ ನಿವಾರಿಸಬೇಕು. ಲೈಬ್ರರಿಗಳ ಬಗ್ಗೆ ಬರೆಯುವವರು ಬಹುಮಟ್ಟಿಗೆ ಮೊದಲನೆಯದನ್ನು ವಿವರಿಸಿ ಲೇಖನವನ್ನು ಮುಗಿಸುತ್ತಾರೆ.

ಅಸಮಕಾಲಿಕ ವಿಧಾನವೆಂದರೇನು?

ಕಛೇರಿಯಲ್ಲಿ ಒಬ್ಬ ವಿಷಯ ನಿರ್ವಾಹಕರ ಬಳಿ ನೂರಾರು ಕಡತಗಳಿರುತ್ತವೆ. ಒಂದು ಕಡತದ ಬಗ್ಗೆ ಆರ್ಥಿಕ ಇಲಾಖೆಯ ಅಭಿಪ್ರಾಯ ಕೇಳಿ ಪತ್ರ ಬರೆದ ಮೇಲೆ, ಉತ್ತರ ಬರುವವರೆಗೂ ಅವರು ಆ ಕಡತವನ್ನೇ ನೋಡುತ್ತ ಕೂರುವುದಿಲ್ಲ. ಎಲ್ಲಿಯವರೆಗೆ ಕ್ರಮವಾಗಿದೆಯೆಂದು ಟಿಪ್ಪಣಿ ಹಾಳೆಯಲ್ಲಿ ಗುರುತಿಸಿ, ಅದನ್ನು ಬಾಕಿ ಕಟ್ಟಿನಲ್ಲಿರಿಸಿ ಮತ್ತೊಂದು ಕಡತವನ್ನು ಕೈಗೆತ್ತಿಕೊಳ್ಳುತ್ತಾರೆ. ಟಪಾಲಿನಲ್ಲಿ ಉತ್ತರ ಬಂದ ದಿನ ಆ ಕಡತವು ಪುನಃ ಮೇಜಿಗೆ ಬರುತ್ತದೆ. ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಯುತ್ತದೆ. ಕೆಲಸ ಮಾಡುವವರು ಒಬ್ಬರೇ, ಒಂದು ಕ್ಷಣಕ್ಕೆ ತೆರೆದಿರುವ ಕಡತವೂ ಒಂದೇ. ಆದರೂ ಯಾವ ಕಡತವೂ ಇನ್ನೊಂದರ ಕಾರಣದಿಂದ ನಿಲ್ಲುವುದಿಲ್ಲ.

ಅಸಿಂಕ್‌ಐಓ ಲೈಬ್ರರಿಯು ಇದೇ ಪದ್ಧತಿಯನ್ನು ಅನುಸರಿಸುತ್ತದೆ. ಅದರ ಹೃದಯಭಾಗದಲ್ಲಿರುವ 'ಈವೆಂಟ್ ಲೂಪ್' ಎಂಬುದು ಟಪಾಲು ನೋಡಿ ಕಡತಗಳನ್ನು ಮೇಜಿಗೆ ತರುವ ವ್ಯವಸ್ಥೆ. ಒಂದೊಂದು ಕಡತಕ್ಕೆ 'ಟಾಸ್ಕ್' ಎಂದು ಹೆಸರು. ಟಾಸ್ಕ್‌ನ ಒಳಗೆ 'ಅವೈಟ್' ಎಂಬ ಪದ ಬಂದಲ್ಲೆಲ್ಲ, 'ಇಲ್ಲಿ ಉತ್ತರಕ್ಕಾಗಿ ಕಾಯಬೇಕಾಗಬಹುದು, ಅಲ್ಲಿಯವರೆಗೆ ಬೇರೆಯದನ್ನು ನೋಡಬಹುದು' ಎಂದು ಅರ್ಥ.

ಪೈಥಾನ್ ಭಾಷೆಗೆ ಇದು ಹೊಸ ವಿಚಾರವೇನಲ್ಲ. ಟ್ವಿಸ್ಟೆಡ್ ಎಂಬ ಲೈಬ್ರರಿಯು 2000ದ ದಶಕದ ಆರಂಭದಿಂದಲೇ ಈ ಕೆಲಸವನ್ನು ಮಾಡುತ್ತಿತ್ತು. ಭಾಷೆಯ ಜನಕರಾದ ಗೈಡೊ ವಾನ್ ರಾಸಮ್ ಅವರು 2012ರ ಡಿಸೆಂಬರ್‌ನಲ್ಲಿ ಮಂಡಿಸಿದ ಪೆಪ್ 3156 ಎಂಬ ಪ್ರಸ್ತಾವನೆಯ ಮೇರೆಗೆ ಅಸಿಂಕ್‌ಐಓ ಲೈಬ್ರರಿಯು 2014ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಪೈಥಾನ್ 3.4ರ ಜೊತೆಯಲ್ಲಿಯೇ ದೊರೆಯಲಾರಂಭಿಸಿತು. ಅಸಿಂಕ್ ಮತ್ತು ಅವೈಟ್ ಎಂಬ ಪದಗಳು 2015ರ 3.5ನೇ ಆವೃತ್ತಿಯಲ್ಲಿ ಸೇರಿದವು. ಈ ಲೇಖನದಲ್ಲಿ ಬಳಸಿರುವ 'ಟಾಸ್ಕ್ ಗ್ರೂಪ್' ಮತ್ತು 'ಟೈಮ್‌ಔಟ್' ಸೌಲಭ್ಯಗಳು 2022ರಲ್ಲಿ ಬಿಡುಗಡೆಯಾದ 3.11ನೇ ಆವೃತ್ತಿಯಿಂದ ಲಭ್ಯವಿರುವುದರಿಂದ, ಅದಕ್ಕಿಂತ ಹಳೆಯ ಆವೃತ್ತಿ ಇರುವವರು ಮೊದಲು ಹೊಸ ಆವೃತ್ತಿಯನ್ನು ಅಳವಡಿಸಿಕೊಳ್ಳಬೇಕು.

ಒಂದು ಎಚ್ಚರಿಕೆ ಅವಶ್ಯ. ಈ ವ್ಯವಸ್ಥೆಯು ಸಹಕಾರ ತತ್ವದ ಮೇಲೆ ನಡೆಯುತ್ತದೆ. ಒಂದು ಟಾಸ್ಕ್ ಅವೈಟ್ ಎಂದು ಹೇಳದೆ ಕಾಯುತ್ತ ಕುಳಿತರೆ, ಅದನ್ನು ಎಬ್ಬಿಸಿ ಮೇಜನ್ನು ತೆರವುಗೊಳಿಸುವ ಅಧಿಕಾರ ಯಾರಿಗೂ ಇಲ್ಲ. ಎಲ್ಲ ಟಾಸ್ಕ್‌ಗಳೂ ನಿಂತುಹೋಗುತ್ತವೆ. ಉದಾಹರಣೆಗೆ, ಹತ್ತು ಸೆಕೆಂಡು ತಡೆಯಲು ಹಳೆಯ ಅಭ್ಯಾಸದಂತೆ ಟೈಮ್ ಲೈಬ್ರರಿಯ 'ಸ್ಲೀಪ್' ಬಳಸಿದರೆ ಇಡೀ ಪ್ರೋಗ್ರಾಂ ಹತ್ತು ಸೆಕೆಂಡು ನಿದ್ರಿಸುತ್ತದೆ. ಅಸಿಂಕ್‌ಐಓ ಲೈಬ್ರರಿಯದೇ ಆದ 'ಸ್ಲೀಪ್' ಬಳಸಿ ಅದರ ಮುಂದೆ ಅವೈಟ್ ಬರೆದರೆ ಆ ಟಾಸ್ಕ್ ಮಾತ್ರ ನಿದ್ರಿಸುತ್ತದೆ. ಹೆಸರು ಒಂದೇ ಆದುದರಿಂದ ಈ ತಪ್ಪು ಮೇಲಿಂದ ಮೇಲೆ ಆಗುತ್ತಿರುತ್ತದೆ.

ಸಂಪರ್ಕ ಸಾಧಿಸುವುದು ಮತ್ತು ಓದುವುದು

'ಓಪನ್ ಕನೆಕ್ಷನ್' ಎಂಬ ಆಜ್ಞೆಗೆ ಸರ್ವರ್‌ನ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ನೀಡಿದರೆ, ಅದು ಓದುವುದಕ್ಕೆ ಒಂದು 'ರೀಡರ್' ಮತ್ತು ಬರೆಯುವುದಕ್ಕೆ ಒಂದು 'ರೈಟರ್' ಅನ್ನು ಒದಗಿಸುತ್ತದೆ. ತಮ್ಮದೇ ಯಂತ್ರದಲ್ಲಿ ಅಭ್ಯಾಸ ಮಾಡುವಾಗ 6667 ಎಂಬ ಪೋರ್ಟ್ ಸಾಕು. ಹೊರಜಾಲಕ್ಕೆ ಸಂಪರ್ಕಿಸುವಾಗ ಗೂಢಲಿಪೀಕರಣವಿರುವ 6697 ಪೋರ್ಟನ್ನೇ ಬಳಸಿ, ಎಸ್‌ಎಸ್‌ಎಲ್ ಆಯ್ಕೆಯನ್ನು 'ಟ್ರೂ' ಎಂದು ನಮೂದಿಸತಕ್ಕದ್ದು.

ಸಂಪರ್ಕವಾದೊಡನೆ 'ನಿಕ್' ಎಂಬ ಸಾಲಿನಲ್ಲಿ ಅಡ್ಡಹೆಸರನ್ನೂ 'ಯೂಸರ್' ಎಂಬ ಸಾಲಿನಲ್ಲಿ ಬಳಕೆದಾರರ ವಿವರವನ್ನೂ ಕಳುಹಿಸಬೇಕು. ಸರ್ವರ್ ಒಪ್ಪಿಕೊಂಡರೆ 001 ಎಂಬ ಸಂಖ್ಯೆಯ ಸ್ವಾಗತ ಸಾಲು ಬರುತ್ತದೆ. ಅದು ಬಂದ ನಂತರವೇ 'ಜಾಯಿನ್' ಆಜ್ಞೆಯ ಮೂಲಕ ಚರ್ಚಾ ಕೊಠಡಿಯನ್ನು ಪ್ರವೇಶಿಸಬೇಕು. ಅಡ್ಡಹೆಸರನ್ನು ಬೇರೊಬ್ಬರು ಬಳಸುತ್ತಿದ್ದರೆ 433 ಎಂಬ ಸಂಖ್ಯೆ ಬರುತ್ತದೆ. ಸಂಪರ್ಕ ಕಡಿದು ತಕ್ಷಣ ಮರಳಿದಾಗ ಈ 433 ಹಲವು ಬಾರಿ ಎದುರಾಗುತ್ತದೆ. ಏಕೆಂದರೆ ಹಳೆಯ ಸಂಪರ್ಕ ಸತ್ತಿರುವುದು ಸರ್ವರ್‌ಗೆ ಇನ್ನೂ ತಿಳಿದಿರುವುದಿಲ್ಲ, ನಮ್ಮ ಹೆಸರಿನಲ್ಲಿ ನಮ್ಮದೇ ನೆರಳು ಕುಳಿತಿರುತ್ತದೆ. ಹೆಸರಿನ ಕೊನೆಗೆ ಒಂದು ಅಡಿಗೆರೆ ಸೇರಿಸಿ ಪುನಃ ಪ್ರಯತ್ನಿಸುವಂತೆ ಪ್ರೋಗ್ರಾಂ ಬರೆಯುವುದು ರೂಢಿಯಲ್ಲಿದೆ.

ಟಿಸಿಪಿ ಸಂಪರ್ಕದಲ್ಲಿ ಬೈಟ್‌ಗಳು ಕ್ರಮ ತಪ್ಪದೆ ಬರುತ್ತವೆಯೇ ಹೊರತು, ಸಾಲುಗಳ ಗಡಿಯನ್ನು ಅದು ಅರಿಯದು. ಒಮ್ಮೆಗೆ ಅರ್ಧ ಸಾಲು ಬರಬಹುದು, ಮೂರು ಸಾಲುಗಳು ಒಟ್ಟಿಗೆ ಬರಬಹುದು. 'ರೀಡ್‌ಲೈನ್' ಆಜ್ಞೆಯು ಸಾಲಿನ ಕೊನೆಯ ಗುರುತು ಬರುವವರೆಗೆ ಬೈಟ್‌ಗಳನ್ನು ಕೂಡಿಟ್ಟುಕೊಂಡು ಪೂರ್ಣ ಸಾಲನ್ನೇ ಕೊಡುತ್ತದೆ. ಓದುವ ಟಾಸ್ಕ್‌ನ ಕೆಲಸವೆಂದರೆ ರೀಡ್‌ಲೈನ್ ಅನ್ನು ಅವೈಟ್ ಮಾಡುತ್ತ, ಬಂದ ಸಾಲನ್ನು ಪರಿಶೀಲಿಸುತ್ತ ಹೋಗುವುದು. ಪಿಂಗ್ ಎಂದಿದ್ದರೆ ಅದರೊಂದಿಗೆ ಬಂದ ಗುರುತಿನ ಪದವನ್ನೇ ಸೇರಿಸಿ ಪಾಂಗ್ ಎಂದು ಉತ್ತರಿಸುವುದು; 'ಪ್ರಿವ್‌ಮೆಸೇಜ್' ಎಂದಿದ್ದರೆ ಕಳುಹಿಸಿದವರ ಹೆಸರಿನೊಂದಿಗೆ ಪರದೆಯ ಮೇಲೆ ತೋರಿಸುವುದು. ಸಾಲು ಖಾಲಿಯಾಗಿ, ಅಂದರೆ ಒಂದು ಬೈಟ್ ಸಹ ಇಲ್ಲದೆ ಬಂದರೆ, ಸರ್ವರ್ ಸಂಪರ್ಕವನ್ನು ಮುಚ್ಚಿದೆಯೆಂದು ಅರ್ಥ. ಇದನ್ನು ಗಮನಿಸದೆ ಬಿಟ್ಟರೆ ಪ್ರೋಗ್ರಾಂ ಖಾಲಿ ಸಾಲುಗಳನ್ನು ಕೊನೆಯಿಲ್ಲದೆ ಓದುತ್ತ ಯಂತ್ರವನ್ನು ಬಿಸಿ ಮಾಡುತ್ತದೆ.

ಓದುವ ಟಾಸ್ಕ್ ಮತ್ತು ಕೀಲಿಮಣೆಯ ಟಾಸ್ಕ್ ಎರಡನ್ನೂ ಒಂದೇ ಟಾಸ್ಕ್ ಗ್ರೂಪ್‌ನಲ್ಲಿರಿಸುವುದು ಯುಕ್ತ. ಗುಂಪಿನ ಒಂದು ಟಾಸ್ಕ್ ದೋಷದಿಂದ ನಿಂತರೆ ಉಳಿದವುಗಳನ್ನೂ ಗುಂಪೇ ರದ್ದುಪಡಿಸುತ್ತದೆ. ಆದರೆ ಒಂದು ಟಾಸ್ಕ್ ಸಹಜವಾಗಿ ಮುಗಿದರೆ ಉಳಿದವು ಮುಂದುವರಿಯುತ್ತವೆ. ಹೀಗಾಗಿ ಸಂಪರ್ಕ ಮುಚ್ಚಿದಾಗ ಓದುವ ಟಾಸ್ಕ್ ಸುಮ್ಮನೆ ಹಿಂದಿರುಗದೆ, ಉದ್ದೇಶಪೂರ್ವಕವಾಗಿ ದೋಷವೊಂದನ್ನು ಎತ್ತಬೇಕು. ಇಲ್ಲವಾದರೆ ಕೇಳುವವರಿಲ್ಲದ ಸಂಪರ್ಕಕ್ಕೆ ಬೆರಳಚ್ಚಿಸುವ ಕಿಟಕಿ ಮಾತ್ರ ತೆರೆದಿರುತ್ತದೆ, ಮಾರ್ಚ್ 31ರಂದು ತೆರೆದಿದ್ದಂತೆಯೇ.

ಕೀಲಿಮಣೆಯ ತೊಡಕು

ಪೈಥಾನ್‌ನ 'ಇನ್‌ಪುಟ್' ಆಜ್ಞೆಯು ಅಸಮಕಾಲಿಕವಲ್ಲ. ಅದನ್ನು ನೇರವಾಗಿ ಬಳಸಿದರೆ ಮೇಲೆ ಹೇಳಿದ ಸಹಕಾರವೆಲ್ಲ ವ್ಯರ್ಥವಾಗುತ್ತದೆ. 'ಟು ಥ್ರೆಡ್' ಎಂಬ ಆಜ್ಞೆಯ ಮೂಲಕ ಇನ್‌ಪುಟ್ ಅನ್ನು ಬೇರೊಂದು ಥ್ರೆಡ್‌ಗೆ ವಹಿಸಿ, ಅದರ ಉತ್ತರವನ್ನು ಅವೈಟ್ ಮಾಡಬಹುದು, 2020ರ 3.9ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಕಲಿಕೆಗೆ ಇದು ಸಾಕು. ಆದರೆ ಥ್ರೆಡ್‌ನಲ್ಲಿ ಕಾಯುತ್ತಿರುವ ಇನ್‌ಪುಟ್ ಅನ್ನು ರದ್ದುಪಡಿಸಲು ಬರುವುದಿಲ್ಲವಾದುದರಿಂದ, ಸಂಪರ್ಕ ಕಡಿದು ಪ್ರೋಗ್ರಾಂ ಮುಗಿಯಬೇಕಾದಾಗಲೂ ಒಮ್ಮೆ ಎಂಟರ್ ಒತ್ತುವವರೆಗೆ ಅದು ಹೋಗದೆ ನಿಲ್ಲುತ್ತದೆ. ಜೊತೆಗೆ, ಅರ್ಧ ಬೆರಳಚ್ಚಿಸಿದ ಸಾಲಿನ ಮಧ್ಯದಲ್ಲಿ ಬೇರೆಯವರ ಸಂದೇಶ ಬಂದು ಕಲಸಿಹೋಗುತ್ತದೆ. ದಿನನಿತ್ಯದ ಬಳಕೆಗೆ ತಯಾರಿಸುವವರು 'ಪ್ರಾಂಪ್ಟ್ ಟೂಲ್‌ಕಿಟ್' ಎಂಬ ಲೈಬ್ರರಿಯನ್ನು ಅಳವಡಿಸಿಕೊಳ್ಳುವುದು ಲೇಸು. ಅದರಲ್ಲಿ ಕೀಲಿಮಣೆಯನ್ನು ಅಸಮಕಾಲಿಕವಾಗಿ ಓದುವ ವಿಧಾನವೂ, ಬರುವ ಸಂದೇಶಗಳನ್ನು ಬೆರಳಚ್ಚಿಸುವ ಸಾಲಿನ ಮೇಲ್ಭಾಗದಲ್ಲಿ ತೋರಿಸುವ ಏರ್ಪಾಡೂ ಇವೆ.

ಕಳುಹಿಸಿದ್ದು ತಲುಪಿತೇ?

ರೈಟರ್‌ನ 'ರೈಟ್' ಆಜ್ಞೆಯು ಸಂದೇಶವನ್ನು ಹೊರಹೋಗುವ ಪೆಟ್ಟಿಗೆಯಲ್ಲಿ ಹಾಕುತ್ತದೆ, ಅಷ್ಟೆ. ಅದರ ನಂತರ 'ಡ್ರೈನ್' ಎಂಬುದನ್ನು ಅವೈಟ್ ಮಾಡಬೇಕೆಂದು ಎಲ್ಲ ಕೈಪಿಡಿಗಳೂ ತಿಳಿಸುತ್ತವೆ. ಡ್ರೈನ್ ಎಂದರೆ ಬರಿದಾಗುವುದು ಎಂಬ ಅರ್ಥವಿರುವುದರಿಂದ, ಪೆಟ್ಟಿಗೆ ಖಾಲಿಯಾಗಿ ಸಂದೇಶ ತಲುಪಿದ ಮೇಲೆಯೇ ಅದು ಮುಗಿಯುತ್ತದೆಂದು ಹಲವರು ಭಾವಿಸುತ್ತಾರೆ. ಈ ಲೇಖಕನೂ ಹಾಗೆಯೇ ಭಾವಿಸಿದ್ದನು. ವಾಸ್ತವದಲ್ಲಿ, ಪೆಟ್ಟಿಗೆಯಲ್ಲಿ ನಿಗದಿತ ಮಿತಿಗಿಂತ ಹೆಚ್ಚು ಸಂಗ್ರಹವಾಗಿದ್ದರೆ ಮಾತ್ರ ಡ್ರೈನ್ ಕಾಯುತ್ತದೆ. ಈ ಮಿತಿಯು ಸಾಮಾನ್ಯವಾಗಿ 64 ಕಿಲೋಬೈಟ್. ಒಂದು ಸಾಲಿನ ಸಂದೇಶಕ್ಕೆ ಅದು ಕಾಯುವುದೇ ಇಲ್ಲ. ಕಾದರೂ ಪೆಟ್ಟಿಗೆಯಿಂದ ಕಾರ್ಯಾಚರಣಾ ವ್ಯವಸ್ಥೆಗೆ ಹೋಯಿತೆಂದಷ್ಟೇ ತಿಳಿಯುತ್ತದೆ.

ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಪರಿಚಿತ ಸಮಸ್ಯೆ. ಚೆಕ್ ಬರೆದ ದಿನವೇ ನಗದು ಪುಸ್ತಕದಲ್ಲಿ ಖರ್ಚು ಬೀಳುತ್ತದೆ, ಆದರೆ ಪಡೆದವರು ಅದನ್ನು ಬ್ಯಾಂಕಿಗೆ ಹಾಜರುಪಡಿಸುವವರೆಗೆ ಪಾಸ್ ಪುಸ್ತಕದಲ್ಲಿ ಅದರ ಸುಳಿವಿರುವುದಿಲ್ಲ. ನಗದು ಪುಸ್ತಕವೊಂದನ್ನೇ ನೋಡಿ ಲೆಕ್ಕ ಮುಗಿಸುವ ಗುಮಾಸ್ತರಿಲ್ಲ. ತಿಂಗಳ ಕೊನೆಗೆ ಬ್ಯಾಂಕ್ ಹೊಂದಾಣಿಕೆ ಪಟ್ಟಿ ತಯಾರಿಸಿ ಎರಡನ್ನೂ ತಾಳೆ ನೋಡುತ್ತಾರೆ. ಚಾಟ್ ಕ್ಲೈಂಟ್‌ಗೂ ಇಂತಹ ತಾಳೆ ಬೇಕು.

ಐಆರ್‌ಸಿ ಸರ್ವರ್ ಸಾಮಾನ್ಯವಾಗಿ ನಾವು ಕಳುಹಿಸಿದ ಸಂದೇಶಕ್ಕೆ ಸ್ವೀಕೃತಿ ನೀಡುವುದಿಲ್ಲ. 'ಎಕೋ ಮೆಸೇಜ್' ಎಂಬ ಹೆಚ್ಚುವರಿ ಸೌಲಭ್ಯವಿರುವ ಸರ್ವರ್‌ಗಳು, ಕ್ಲೈಂಟ್ ಕೋರಿದ್ದರೆ, ನಮ್ಮ ಸಂದೇಶವನ್ನು ನಮಗೇ ಮರಳಿಸುತ್ತವೆ. ಅದಿಲ್ಲದ ಕಡೆ ಒಂದು ಸರಳ ಉಪಾಯವಿದೆ. ಪಿಂಗ್ ಕಳುಹಿಸುವ ಹಕ್ಕು ಸರ್ವರ್‌ಗೆ ಮಾತ್ರವಲ್ಲದೆ ಕ್ಲೈಂಟ್‌ಗೂ ಇದೆ. ಪ್ರತಿ ಸಂದೇಶದ ಬೆನ್ನಿಗೇ, ಕ್ರಮಸಂಖ್ಯೆಯೊಂದನ್ನು ಗುರುತಿನ ಪದವಾಗಿ ಸೇರಿಸಿ ನಾವೇ ಒಂದು ಪಿಂಗ್ ಕಳುಹಿಸುವುದು. ಒಂದು ಸಂಪರ್ಕದಲ್ಲಿ ಬಂದ ಸಾಲುಗಳನ್ನು ಸರ್ವರ್ ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡುವುದರಿಂದ, ಆ ಕ್ರಮಸಂಖ್ಯೆಯಿರುವ ಪಾಂಗ್ ಮರಳಿದರೆ ಅದಕ್ಕೆ ಮುಂಚಿನ ಸಂದೇಶವನ್ನೂ ಸರ್ವರ್ ನೋಡಿದೆಯೆಂದು ಸಿದ್ಧವಾಗುತ್ತದೆ. ಸಂದೇಶವನ್ನು ಸರ್ವರ್ ನಿರಾಕರಿಸಿದ್ದರೆ, ಅಂತಹ ಹೆಸರಿನವರಿಲ್ಲ ಎಂಬ 401 ಅಥವಾ ಈ ಕೊಠಡಿಗೆ ಕಳುಹಿಸಲು ಅನುಮತಿಯಿಲ್ಲ ಎಂಬ 404, ಪಾಂಗ್‌ಗಿಂತ ಮೊದಲೇ ಬಂದಿರುತ್ತದೆ.

ಕ್ಲೈಂಟ್‌ನಲ್ಲಿ ಇದನ್ನು ಅಳವಡಿಸುವುದು ಕಷ್ಟವಲ್ಲ. ಕಳುಹಿಸಿದ ಸಂದೇಶಗಳನ್ನು ಕ್ರಮಸಂಖ್ಯೆಯೊಂದಿಗೆ ಒಂದು ಬಾಕಿ ಪಟ್ಟಿಯಲ್ಲಿ ಇಡುವುದು. ಪರದೆಯ ಮೇಲೆ ಅದರ ಪಕ್ಕದಲ್ಲಿ 'ಬಾಕಿ' ಎಂದು ತೋರಿಸುವುದು. ಓದುವ ಟಾಸ್ಕ್‌ಗೆ ಆ ಸಂಖ್ಯೆಯ ಪಾಂಗ್ ಸಿಕ್ಕಾಗ 'ಸರ್ವರ್ ಸ್ವೀಕರಿಸಿದೆ' ಎಂದು ಬದಲಿಸುವುದು. 'ತಲುಪಿದೆ' ಎಂದು ಬರೆಯತಕ್ಕದ್ದಲ್ಲ. ಸರ್ವರ್ ಸ್ವೀಕರಿಸಿದ್ದನ್ನು ಎದುರಿನವರು ಓದಿದ್ದಾರೆಯೇ ಎಂಬುದು ಅವರು ಉತ್ತರಿಸಿದಾಗಲೇ ಗೊತ್ತಾಗುವ ವಿಷಯ. ಟೈಮ್‌ಔಟ್ ಸೌಲಭ್ಯದಿಂದ 30 ಸೆಕೆಂಡುಗಳ ಗಡುವನ್ನು ಇರಿಸಿ, ಆ ಅವಧಿಯಲ್ಲಿ ಪಾಂಗ್ ಬಾರದಿದ್ದರೆ ಸಂಪರ್ಕವನ್ನು ಸತ್ತಿದೆಯೆಂದೇ ಪರಿಗಣಿಸಿ ಮುಚ್ಚಬೇಕು.

ಮರುಸಂಪರ್ಕ

ಸಂಪರ್ಕ ಕಡಿದಾಗ ತಕ್ಷಣ, ಬಿಡುವಿಲ್ಲದೆ ಪ್ರಯತ್ನಿಸುವುದು ಸರಿಯಲ್ಲ. ವಿದ್ಯುತ್ ಹೋಗಿ ಬಂದಾಗ ಎಲ್ಲ ಕ್ಲೈಂಟ್‌ಗಳೂ ಒಂದೇ ಕ್ಷಣದಲ್ಲಿ ಬಾಗಿಲಿಗೆ ಬಂದರೆ ಸರ್ವರ್ ಪುನಃ ಕುಸಿಯುತ್ತದೆ. ಮೊದಲು 1 ಸೆಕೆಂಡು, ನಂತರ 2, 4, 8 ಹೀಗೆ ದ್ವಿಗುಣಗೊಳಿಸುತ್ತ, ಗರಿಷ್ಠ 5 ನಿಮಿಷಕ್ಕೆ ಮಿತಿಗೊಳಿಸಿ, ಪ್ರತಿ ಬಾರಿಯೂ ಅದಕ್ಕೆ ಸ್ವಲ್ಪ ಯಾದೃಚ್ಛಿಕ ಅವಧಿಯನ್ನು ಸೇರಿಸುವುದು ಉತ್ತಮ.

ಬಾಕಿ ಪಟ್ಟಿಯಲ್ಲಿ ಉಳಿದ ಸಂದೇಶಗಳನ್ನು ಏನು ಮಾಡಬೇಕು? ತಾನಾಗಿಯೇ ಪುನಃ ಕಳುಹಿಸುವುದು ಅನುಕೂಲವೆಂದು ತೋರಬಹುದು. ಆದರೆ ಸಂದೇಶವು ಸರ್ವರ್ ಸೇರಿ, ಪಾಂಗ್ ಮಾತ್ರ ದಾರಿಯಲ್ಲಿ ಕಳೆದುಹೋಗಿರುವ ಸಾಧ್ಯತೆಯೂ ಇದೆ. 'ಇನ್ನೂ 20 ಹೊದಿಕೆ ಕಳುಹಿಸಿ' ಎಂಬ ಸಂದೇಶ ಎರಡು ಬಾರಿ ತಲುಪಿದರೆ 40 ಹೊದಿಕೆ ಬರುತ್ತವೆ. ಒಂದೇ ಬಿಲ್ಲಿಗೆ ಎರಡು ಬಾರಿ ಪಾವತಿಯಾದುದನ್ನು ಹಿಂಪಡೆಯುವ ಪತ್ರವ್ಯವಹಾರವನ್ನು ಕಂಡವರು ಈ ವಿಷಯದಲ್ಲಿ ಆತುರಪಡಲಾರರು. ಬಾಕಿ ಇರುವ ಸಂದೇಶಗಳನ್ನು ಬಳಕೆದಾರರಿಗೆ ತೋರಿಸಿ, ಪುನಃ ಕಳುಹಿಸಬೇಕೇ ಎಂದು ಕೇಳುವುದೇ ಸೂಕ್ತವೆಂಬುದು ಲೇಖಕನ ಅಭಿಪ್ರಾಯ.

ಕನ್ನಡದಲ್ಲಿ ಸಂದೇಶ ಕಳುಹಿಸುವವರ ಗಮನಕ್ಕೆ

ಐಆರ್‌ಸಿ ನಿಯಮದಂತೆ ಒಂದು ಸಾಲು, ಕೊನೆಯ ಎರಡು ಗುರುತುಗಳೂ ಸೇರಿ, 512 ಬೈಟ್‌ಗಳನ್ನು ಮೀರುವಂತಿಲ್ಲ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಇಲ್ಲಿ ಸಂಕೇತವೆಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ. 'ಕ್ಷಿ' ಎಂಬ ಒಂದು ಅಕ್ಷರದಲ್ಲಿ ಕ, ವಿರಾಮ ಚಿಹ್ನೆ, ಷ ಮತ್ತು ಗುಡಿಸು ಸೇರಿ ನಾಲ್ಕು ಸಂಕೇತಗಳು, ಅಂದರೆ 12 ಬೈಟ್‌ಗಳಿವೆ. 'ಕರ್ನಾಟಕ' ಎಂಬ ಪದಕ್ಕೆ 7 ಸಂಕೇತ, 21 ಬೈಟ್. ಇದಲ್ಲದೆ ಸಂದೇಶವನ್ನು ಇತರರಿಗೆ ಹಂಚುವಾಗ ಸರ್ವರ್ ನಮ್ಮ ಹೆಸರು ಮತ್ತು ವಿಳಾಸವನ್ನು ಮುಂದೆ ಸೇರಿಸುತ್ತದೆ. ಅದೂ 512ರ ಒಳಗೇ ಇರಬೇಕು. ಇದಕ್ಕೆಲ್ಲ 100 ಬೈಟ್ ಕಳೆದರೆಂದು ಭಾವಿಸಿದರೂ ಉಳಿಯುವುದು ಸುಮಾರು 136 ಕನ್ನಡ ಸಂಕೇತಗಳಿಗೆ ಸ್ಥಳ. ಎರಡು ವಾಕ್ಯ ಬರೆದರೆ ಮುಗಿಯಿತು.

ಮಿತಿ ಮೀರಿದ ಸಾಲನ್ನು ಹಲವು ಸರ್ವರ್‌ಗಳು ಯಾವ ಸೂಚನೆಯನ್ನೂ ನೀಡದೆ ಕತ್ತರಿಸಿಬಿಡುತ್ತವೆ. ಸಂಜೆ 4 ಗಂಟೆಯೊಳಗೆ ಎಂಬುದು ವಾಕ್ಯದ ಕೊನೆಯಲ್ಲಿದ್ದರೆ ಅದೇ ಹೋಗುತ್ತದೆ. ಆದಕಾರಣ ಉದ್ದದ ಸಂದೇಶವನ್ನು ಕ್ಲೈಂಟ್ ತಾನೇ ತುಂಡು ಮಾಡಿ ಕಳುಹಿಸಬೇಕು. ಬೈಟ್ ಎಣಿಸಿ ಕತ್ತರಿಸಿದರೆ ಒಂದು ಸಂಕೇತದ ಮೂರು ಬೈಟ್‌ಗಳು ಎರಡು ಕಡೆ ಹಂಚಿಹೋಗಿ ಪ್ರಶ್ನಾರ್ಥಕ ಚೌಕಗಳು ಕಾಣಿಸುತ್ತವೆ. ಸಂಕೇತ ಎಣಿಸಿ ಕತ್ತರಿಸಿದರೆ ಒತ್ತಕ್ಷರವು ತನ್ನ ಮೂಲಾಕ್ಷರದಿಂದ ಬೇರ್ಪಡುತ್ತದೆ. ಪದಗಳ ನಡುವಿನ ಖಾಲಿ ಸ್ಥಳದಲ್ಲಿ ಕತ್ತರಿಸಿ, ಪ್ರತಿ ತುಂಡಿನ ಬೈಟ್‌ಗಳನ್ನು ಅಳೆಯುವುದೇ ಸರಿಯಾದ ಕ್ರಮ. ಬರುವ ಸಾಲುಗಳಲ್ಲಿಯೂ ಮುರಿದ ಬೈಟ್‌ಗಳು ಇರಬಹುದಾದ್ದರಿಂದ, 'ಡಿಕೋಡ್' ಮಾಡುವಾಗ ದೋಷವಿದ್ದಲ್ಲಿ ಬದಲಿ ಚಿಹ್ನೆ ಹಾಕುವಂತೆ 'ರಿಪ್ಲೇಸ್' ಎಂದು ಸೂಚಿಸಬೇಕು. ಯಾರೋ ಕಳುಹಿಸಿದ ಒಂದು ಕೆಟ್ಟ ಸಾಲಿನಿಂದ ನಮ್ಮ ಕ್ಲೈಂಟ್ ನಿಂತುಹೋಗಬಾರದು.

ನುಡಿ ಮುಂತಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಬರಹವನ್ನು ನಕಲು ಮಾಡಿ ಕಳುಹಿಸಿದರೆ, ಆ ಅಕ್ಷರಶೈಲಿ ಇಲ್ಲದವರಿಗೆ ಇಂಗ್ಲಿಷ್ ಅಕ್ಷರಗಳ ಗೊಂದಲ ಮಾತ್ರ ಕಾಣುತ್ತದೆ. ಕಛೇರಿಗಳಲ್ಲಿ ಅಂತಹ ಹಳೆಯ ಕಡತಗಳು ಇನ್ನೂ ಹೇರಳವಾಗಿವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ನಂತರ ಕಳುಹಿಸತಕ್ಕದ್ದು.

ಪರೀಕ್ಷಿಸುವ ವಿಧಾನ

ಸಿದ್ಧವಾದ ಕ್ಲೈಂಟ್ ಸಂದೇಶ ಕಳುಹಿಸುತ್ತದೆಯೇ, ಪಡೆಯುತ್ತದೆಯೇ ಎಂದು ನೋಡಿದರೆ ಪರೀಕ್ಷೆ ಮುಗಿಯುವುದಿಲ್ಲ. ಆ ಪರೀಕ್ಷೆಯಲ್ಲಿ ಲೇಖಕನ ಹಳೆಯ ಪ್ರೋಗ್ರಾಂ ಸಹ ಉತ್ತೀರ್ಣವಾಗಿತ್ತು. ಕ್ಲೈಂಟ್‌ಅನ್ನು ತೆರೆದಿಟ್ಟು, ಏನನ್ನೂ ಬೆರಳಚ್ಚಿಸದೆ ಅರ್ಧ ಗಂಟೆ ಬಿಟ್ಟು, ಆಮೇಲೆ ಒಂದು ಸಂದೇಶ ಕಳುಹಿಸಿ ನೋಡಬೇಕು. ಎರಡನೆಯದಾಗಿ, ಸರ್ವರ್ ಬೇರೆ ಯಂತ್ರದಲ್ಲಿರುವಾಗ ಆ ಯಂತ್ರದ ಜಾಲದ ಕೇಬಲನ್ನು ಕಿತ್ತು, ಈ ಕಡೆಯಿಂದ ಒಂದು ಸಾಲು ಬರೆದು ಎಂಟರ್ ಒತ್ತಬೇಕು. ದೋಷ ಸೂಚನೆಯೇನೂ ಕಾಣುವುದಿಲ್ಲ. ಸಂದೇಶದ ಪಕ್ಕದಲ್ಲಿ 'ಬಾಕಿ' ಎಂದಿರುತ್ತದೆ. 30 ಸೆಕೆಂಡು ಕಳೆದ ಮೇಲೆ 'ಸಂಪರ್ಕ ಕಡಿದಿದೆ, 1 ಸಂದೇಶ ಬಾಕಿ ಇದೆ' ಎಂಬ ಸಾಲು ಕಿಟಕಿಯಲ್ಲಿ ಮೂಡಬೇಕು.